ಎಳೆಗೂಸಿನ ಅಪಸ್ಮಾರ: ಔಷಧದ ಸುರಕ್ಷತೆ ಅಳೆಯುವುದು ಹೇಗೆ?

ಕಾಯಿಲೆ ತಲೆದೋರುವುದು ಮಗುವಿಗೆ ಐದರಿಂದ ಎಂಟು ತಿಂಗಳು ತುಂಬುವ ಹೊತ್ತಿಗೆ. ಆದರೆ ಆ ಕಾಯಿಲೆಗೆಂದೇ ಪರೀಕ್ಷಿಸಲಾದ ಹೊಸ ಔಷಧಗಳಿಗೆ ಮೊದಲು ಅನುಮತಿ ದೊರೆತದ್ದು ಎರಡು ವರ್ಷ ದಾಟಿದವರಿಗೆ ಮಾತ್ರ. ಈ ನಡುವಿನ ಒಂದೂವರೆ ವರ್ಷದಲ್ಲಿ ಮಗುವಿಗೆ ಯಾವ ಔಷಧ ಕೊಡಬೇಕು, ಎಷ್ಟು ಕೊಡಬೇಕು? ಡ್ರಾವೆ ಸಿಂಡ್ರೋಮ್ ಎಂಬ ತೀವ್ರ ಸ್ವರೂಪದ ಅಪಸ್ಮಾರಕ್ಕೆ ಚಿಕಿತ್ಸೆ ನೀಡುವ ವೈದ್ಯರನ್ನು ದೀರ್ಘಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು.

ಹಸುಗೂಸುಗಳ ಮೇಲೆ ಔಷಧ ಪ್ರಯೋಗ ಎಂದೊಡನೆ ಯಾರ ಮನಸ್ಸಾದರೂ ಹಿಂಜರಿಯುವುದು ಸಹಜ. ಆದರೆ ಪ್ರಯೋಗವನ್ನೇ ನಡೆಸದಿದ್ದರೆ ಶಿಶುಗಳು ಅಪಾಯದಿಂದ ಪಾರಾಗುತ್ತವೆಯೇ? ಖಂಡಿತ ಇಲ್ಲ. ಸೆಳವು ನಿಲ್ಲಿಸಲೇಬೇಕಾದ ಅನಿವಾರ್ಯದಲ್ಲಿ ವೈದ್ಯರು ದೊಡ್ಡವರಿಗೆ ಬಳಸುವ ಔಷಧವನ್ನೇ ಅಂದಾಜಿನ ಪ್ರಮಾಣದಲ್ಲಿ ಕೊಡುತ್ತಾರೆ. ಆಗ ಪ್ರತಿ ಮಗುವೂ ಯಾವುದೇ ಲೆಕ್ಕ, ದಾಖಲೆ, ಮೇಲ್ವಿಚಾರಣೆಯಿಲ್ಲದ ಪ್ರಯೋಗಕ್ಕೆ ಒಳಗಾದಂತೆಯೇ ಸರಿ.

ಏನಿದು ಡ್ರಾವೆ ಸಿಂಡ್ರೋಮ್?

ಫ್ರಾನ್ಸಿನ ವೈದ್ಯೆ ಷಾರ್ಲೊಟ್ ಡ್ರಾವೆ 1978ರಲ್ಲಿ ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಆವರೆಗೆ ಆರೋಗ್ಯವಾಗಿಯೇ ಬೆಳೆಯುತ್ತಿದ್ದ ಮಗುವಿಗೆ ಜ್ವರದೊಂದಿಗೆ ದೀರ್ಘಕಾಲದ ಸೆಳವು ಬರುತ್ತದೆ. ಎಷ್ಟೋ ವೇಳೆ ದೇಹದ ಒಂದೇ ಪಾರ್ಶ್ವ ಸೆಳೆಯುತ್ತದೆ. ಮೊದಮೊದಲು ಇದು ಸಾಮಾನ್ಯ ಜ್ವರದ ಫಿಟ್ಸ್ ಎಂದೇ ತೋರುತ್ತದೆ. ಆದರೆ ಸೆಳವು ಮರುಕಳಿಸುತ್ತ ಹೋಗುತ್ತದೆ. ಎರಡನೇ ವರ್ಷದಿಂದೀಚೆಗೆ ಮಾತು, ನಡಿಗೆ, ಕಲಿಕೆಗಳಲ್ಲಿ ಹಿನ್ನಡೆ ಕಾಣತೊಡಗುತ್ತದೆ. ಹಠಾತ್ ಸಾವಿನ ಅಪಾಯವೂ ಉಂಟು. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಮಾರು 15,700 ಶಿಶುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ.

ಇದಕ್ಕೆ ಕಾರಣವಾದ ವಂಶವಾಹಿಯನ್ನು 2001ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಪತ್ತೆಹಚ್ಚಿದರು. ಎಸ್‌ಸಿಎನ್1ಎ ಎಂಬ ಹೆಸರಿನ ಈ ವಂಶವಾಹಿಯು ನರಕೋಶಗಳಲ್ಲಿ ಸೋಡಿಯಂ ಹಾದುಹೋಗುವ ಮಾರ್ಗವನ್ನು ನಿರ್ಮಿಸುತ್ತದೆ. ಅದರಲ್ಲಿ ದೋಷವುಂಟಾದಾಗ ಮೆದುಳಿನ ಅತಿಚಟುವಟಿಕೆಗೆ ಕಡಿವಾಣ ಹಾಕುವ ನರಕೋಶಗಳೇ ದುರ್ಬಲಗೊಳ್ಳುತ್ತವೆ. ಬಹುತೇಕ ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದಿರುವುದಿಲ್ಲ. ಮಗುವಿನಲ್ಲಿ ಹೊಸದಾಗಿ ಉಂಟಾಗಿರುತ್ತದೆ. ಆದ್ದರಿಂದ ಮನೆತನದಲ್ಲಿ ಯಾರಿಗೂ ಮೂರ್ಛೆರೋಗ ಇರಲಿಲ್ಲ ಎಂಬುದರಿಂದ ಈ ಕಾಯಿಲೆ ಇಲ್ಲವೆಂದು ನಿರ್ಧರಿಸುವಂತಿಲ್ಲ. ತಾಯಿಯನ್ನು ದೂರುವುದಕ್ಕಂತೂ ಆಧಾರವೇ ಇಲ್ಲ.

ಔಷಧದ ಆಯ್ಕೆ ಇಲ್ಲಿ ನಿರ್ಣಾಯಕ. ಅಪಸ್ಮಾರಕ್ಕೆ ವ್ಯಾಪಕವಾಗಿ ಬಳಸುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಔಷಧಗಳು ಸೋಡಿಯಂ ಮಾರ್ಗವನ್ನು ತಡೆಯುವ ಮೂಲಕವೇ ಕೆಲಸ ಮಾಡುತ್ತವೆ. ಮೊದಲೇ ದುರ್ಬಲವಾಗಿರುವ ಮಾರ್ಗವನ್ನು ಮತ್ತಷ್ಟು ತಡೆದರೆ ಸೆಳವು ಹೆಚ್ಚಬಹುದು. ಅಂದರೆ ಬೇರೆ ಮಗುವಿಗೆ ಸುರಕ್ಷಿತವಾದ ಔಷಧ ಈ ಮಗುವಿಗೆ ಅಪಾಯಕಾರಿಯಾಗುತ್ತದೆ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ 'ಬಿಸಿನೀರಿನ ಅಪಸ್ಮಾರ' ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ವರದಿಯಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿಸ್ತೃತವಾಗಿ ಅಧ್ಯಯನ ಮಾಡಿದ್ದಾರೆ. ಬಹುಪಾಲು ರೋಗಿಗಳಲ್ಲಿ ಅದು ಸೌಮ್ಯ ಸ್ವರೂಪದ್ದು. ನೀರಿನ ಬಿಸಿ ಕಡಿಮೆ ಮಾಡುವುದರಿಂದಲೇ ಎಷ್ಟೋ ಮಟ್ಟಿಗೆ ಹತೋಟಿಗೆ ಬರುತ್ತದೆ. ಆದರೆ ಡ್ರಾವೆ ಸಿಂಡ್ರೋಮ್ ಇರುವ ಶಿಶುಗಳಿಗೂ ಬಿಸಿನೀರಿನ ಸ್ನಾನದಿಂದ ಸೆಳವು ಬರುವುದುಂಟು. ಒಂದು ವರ್ಷದೊಳಗಿನ ಕೂಸಿಗೆ ದೀರ್ಘ ಸೆಳವು ಪದೇಪದೇ ಬರುತ್ತಿದ್ದರೆ ಅದನ್ನು ಬಿಸಿನೀರಿನ ದೋಷವೆಂದು ಕೈಬಿಡದೆ ಮಕ್ಕಳ ನರರೋಗ ತಜ್ಞರಿಗೆ ತೋರಿಸುವುದು ಅಗತ್ಯ.

ಶಿಶುವೆಂದರೆ ಪುಟ್ಟ ವಯಸ್ಕನಲ್ಲ

ದೊಡ್ಡವರಿಗೆ ಕೊಡುವ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಭಾಗಿಸಿ ಕೊಟ್ಟರಾಯಿತಲ್ಲವೇ ಎಂದು ಕೇಳಬಹುದು. ದೇಹದ ವ್ಯವಹಾರ ಅಷ್ಟು ಸರಳವಲ್ಲ. ನವಜಾತ ಶಿಶುವಿನ ದೇಹದಲ್ಲಿ ನೀರಿನ ಪಾಲು ದೊಡ್ಡವರಿಗಿಂತ ಬಹಳ ಹೆಚ್ಚು. ಔಷಧವನ್ನು ಒಡೆಯುವ ಯಕೃತ್ತಿನ ಕಿಣ್ವಗಳು ಒಂದೊಂದೂ ಒಂದೊಂದು ವೇಗದಲ್ಲಿ ಪಕ್ವವಾಗುತ್ತವೆ. ಮೂತ್ರಪಿಂಡಗಳ ಶೋಧನಾ ಸಾಮರ್ಥ್ಯ ಹದಕ್ಕೆ ಬರಲು ಸುಮಾರು ಒಂದು ವರ್ಷ ಬೇಕು. ಹೀಗಾಗಿ ಹುಟ್ಟಿದ ಮೊದಲ ವಾರಗಳಲ್ಲಿ ಔಷಧ ದೇಹದಲ್ಲೇ ಉಳಿದು ವಿಷವಾಗುವ ಭಯವಿದ್ದರೆ, ಕೆಲವು ತಿಂಗಳ ಬಳಿಕ ಅದೇ ಮಗು ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ವೇಗವಾಗಿ ಕೆಲವು ಔಷಧಗಳನ್ನು ಹೊರಹಾಕತೊಡಗುತ್ತದೆ. ಪ್ರಮಾಣ ಹೆಚ್ಚಾದರೆ ವಿಷ, ಕಡಿಮೆಯಾದರೆ ಸೆಳವು!

ಎಲ್ಲಕ್ಕಿಂತ ಮಿಗಿಲಾಗಿ, ಔಷಧ ಕೆಲಸ ಮಾಡಬೇಕಾದ ಮೆದುಳು ಆಗಷ್ಟೇ ರೂಪುಗೊಳ್ಳುತ್ತಿರುತ್ತದೆ. ನರಕೋಶಗಳನ್ನು ಶಾಂತಗೊಳಿಸುವ ಔಷಧ ಅವುಗಳ ಬೆಳವಣಿಗೆಗೂ ಅಡ್ಡಿಯಾಗಬಹುದೇ ಎಂಬ ಆತಂಕ ಹೊಸದಲ್ಲ. ಹಲವು ಅಪಸ್ಮಾರ ಔಷಧಗಳು ಇಲಿಮರಿಗಳ ಮೆದುಳಿನಲ್ಲಿ ನರಕೋಶಗಳ ನಾಶಕ್ಕೆ ಕಾರಣವಾದದ್ದನ್ನು 2002ರಲ್ಲಿ ಸಂಶೋಧಕರು ವರದಿ ಮಾಡಿದ್ದರು. ಪ್ರಾಣಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಅನ್ವಯಿಸಬೇಕೆಂದಿಲ್ಲ. ಆದರೆ ನಿಯಂತ್ರಣವಿಲ್ಲದ ಸೆಳವೂ ಬೆಳೆಯುವ ಮೆದುಳಿಗೆ ಹಾನಿಕರವೇ. ವೈದ್ಯರು ತೂಗಬೇಕಾದದ್ದು ಈ ಎರಡು ಅಪಾಯಗಳನ್ನು.

ಹಿಂದಿನ ಕಹಿ ಪಾಠಗಳು

ವಾಲ್ಪ್ರೊಯೇಟ್ ಇಂದಿಗೂ ಬಳಕೆಯಲ್ಲಿರುವ ಪ್ರಮುಖ ಔಷಧ. ಅದರಿಂದ ಸಂಭವಿಸಿದ ಯಕೃತ್ತಿನ ವೈಫಲ್ಯದ ಸಾವುಗಳನ್ನು ಅಮೆರಿಕದ ತಜ್ಞರು ಪರಿಶೀಲಿಸಿ 1987ರಲ್ಲಿ ವರದಿ ಪ್ರಕಟಿಸಿದರು. ಇದೊಂದೇ ಔಷಧ ಸೇವಿಸುತ್ತಿದ್ದವರಲ್ಲಿ ಸಾವಿನ ಅಪಾಯ 37,000ಕ್ಕೆ ಒಂದರಷ್ಟಿತ್ತು. ಎರಡು ವರ್ಷದೊಳಗಿನ, ಜೊತೆಗೆ ಇತರ ಅಪಸ್ಮಾರ ಔಷಧಗಳನ್ನೂ ಪಡೆಯುತ್ತಿದ್ದ ಮಕ್ಕಳಲ್ಲಿ ಅದು 500ಕ್ಕೆ ಒಂದು! ಪೋಲ್‌ಜಿ ಎಂಬ ವಂಶವಾಹಿಯ ದೋಷವುಳ್ಳ ಮಕ್ಕಳಿಗೆ ಈ ಅಪಾಯ ವಿಶೇಷವಾಗಿ ಹೆಚ್ಚೆಂಬುದು ನಂತರ ತಿಳಿಯಿತು. ವಯಸ್ಸು, ವಂಶವಾಹಿ, ಜೊತೆಗಿನ ಔಷಧ ಈ ಮೂರೂ ಸೇರಿ ಸುರಕ್ಷತೆಯನ್ನು ನಿರ್ಧರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿಗಾಬಟ್ರಿನ್ ಔಷಧದ ಕಥೆ ಇನ್ನೊಂದು ಬಗೆಯದು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯುಳ್ಳ ಶಿಶುಗಳ ಸೆಳವಿಗೆ ಇದು ಪರಿಣಾಮಕಾರಿ. ಆದರೆ ದೀರ್ಘಕಾಲ ಸೇವಿಸಿದವರ ದೃಷ್ಟಿಯ ಅಂಚು ಶಾಶ್ವತವಾಗಿ ಕುಗ್ಗುವುದನ್ನು 1997ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದರು. ದೊಡ್ಡವರಾದರೆ ಬದಿಯಲ್ಲಿ ಬೆಳಕು ಕಂಡಿತೇ ಎಂದು ಕೇಳಿ ಪರೀಕ್ಷಿಸಬಹುದು. ಆರು ತಿಂಗಳ ಮಗುವನ್ನು ಕೇಳುವುದು ಹೇಗೆ? ಅಕ್ಷಿಪಟಲದ ವಿದ್ಯುತ್ ಸ್ಪಂದನವನ್ನು ಅಳೆಯುವಂತಹ ಪರೋಕ್ಷ ವಿಧಾನಗಳನ್ನೇ ಅವಲಂಬಿಸಬೇಕಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಶಿಶುಗಳಿಗೆ ಇದನ್ನು ಅನುಮೋದಿಸಿದಾಗ ದೃಷ್ಟಿನಷ್ಟದ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಸೇರಿಸಿತು.

ಫಿನೊಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿದೆ. ಜ್ವರದ ಸೆಳವಿಗೆ ಇದನ್ನು ನೀಡಲಾದ ಪುಟ್ಟ ಮಕ್ಕಳ ಬುದ್ಧಿಸೂಚ್ಯಂಕವು ಹುಸಿ ಔಷಧ ಪಡೆದ ಮಕ್ಕಳಿಗಿಂತ ಸರಾಸರಿ 8.4 ಅಂಶ ಕಡಿಮೆಯಿದ್ದುದು 217 ಮಕ್ಕಳ ಅಧ್ಯಯನವೊಂದರಲ್ಲಿ ಕಂಡುಬಂದದ್ದು 1990ರಲ್ಲಿ. ನವಜಾತ ಶಿಶುಗಳ ಸೆಳವಿಗೆ ಇದೇ ಔಷಧದ, ಹಾನಿಕರ ಸಂರಕ್ಷಕಗಳಿಲ್ಲದ ಚುಚ್ಚುಮದ್ದಿಗೆ ಅಮೆರಿಕದಲ್ಲಿ ವಿಧಿವತ್ತಾದ ಅನುಮೋದನೆ ದೊರೆತದ್ದು 2022ರ ನವೆಂಬರ್‌ನಲ್ಲಿ. ಶತಮಾನ ಕಾಲ ಬಳಸಿದ ಔಷಧವೂ ಶಿಶುಗಳ ಮಟ್ಟಿಗೆ ಅಧಿಕೃತವಾಗಿ ಪರೀಕ್ಷಿತವಾಗಿರಲಿಲ್ಲ ಎಂಬುದು ಇದರರ್ಥ.

ನಿಷೇಧಿತ ಔಷಧದ ಮರುಜನ್ಮ

ಸುರಕ್ಷತೆಯನ್ನು ಅಳೆಯುವ ಕ್ರಮ ಹೇಗಿರಬೇಕೆಂಬುದಕ್ಕೆ ಫೆನ್‌ಫ್ಲೂರಮೀನ್ ಉತ್ತಮ ಉದಾಹರಣೆ. ಒಂದು ಕಾಲಕ್ಕೆ ಇದು ಬೊಜ್ಜು ಕರಗಿಸುವ ಔಷಧ. ಇದನ್ನು ಇನ್ನೊಂದು ಔಷಧದೊಂದಿಗೆ ಸೇವಿಸಿದ 24 ಮಹಿಳೆಯರಲ್ಲಿ ಹೃದಯದ ಕವಾಟಗಳ ದೋಷ ಕಂಡುಬಂದದ್ದನ್ನು 1997ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಬಹಿರಂಗಪಡಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು.

ಆದರೆ ಬೆಲ್ಜಿಯಂನ ಮಕ್ಕಳ ವೈದ್ಯರು ಅಪಸ್ಮಾರದಲ್ಲಿ ಇದರ ಉಪಯೋಗವನ್ನು ಮೊದಲೇ ಗಮನಿಸಿದ್ದರು. ಅಲ್ಲಿನ ಸರ್ಕಾರದ ವಿಶೇಷ ಅನುಮತಿಯ ಮೇರೆಗೆ ಕೆಲವೇ ರೋಗಿಗಳಿಗೆ ಚಿಕಿತ್ಸೆ ಮುಂದುವರಿಯಿತು. ಡ್ರಾವೆ ಸಿಂಡ್ರೋಮ್‌ನ ಅಂಥ 12 ಮಂದಿಯ ವಿವರ 2012ರಲ್ಲಿ ಪ್ರಕಟವಾದಾಗ ಲೋಕದ ಗಮನ ಮತ್ತೆ ಇತ್ತ ಹರಿಯಿತು. ಅವರ ಪೈಕಿ ಏಳು ಮಂದಿ ಕನಿಷ್ಠ ಒಂದು ವರ್ಷದಿಂದ ಸೆಳವಿಲ್ಲದೆ ಇದ್ದರು.

ಮುಂದೆ 2ರಿಂದ 18 ವರ್ಷದ 119 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರ ಡಿಸೆಂಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.7 ಮಿಲಿಗ್ರಾಂ ಪಡೆದವರಲ್ಲಿ ಸೆಳವಿನ ಇಳಿಕೆಯು ಹುಸಿ ಔಷಧ ಪಡೆದವರಿಗಿಂತ ಶೇ 62.3ರಷ್ಟು ಅಧಿಕವಾಗಿತ್ತು. ಪ್ರಯೋಗದ ಅವಧಿಯಲ್ಲಿ ಯಾರಲ್ಲೂ ಕವಾಟದ ಕಾಯಿಲೆ ಕಾಣಲಿಲ್ಲ. ಅಪಸ್ಮಾರದಲ್ಲಿ ದಿನದ ಗರಿಷ್ಠ ಮಿತಿ 26 ಮಿಲಿಗ್ರಾಂ. ಬೊಜ್ಜಿಗೆ ಕೊಡುತ್ತಿದ್ದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಿತ್ತು. ಸ್ಟಿರಿಪೆಂಟಾಲ್ ಎಂಬ ಇನ್ನೊಂದು ಔಷಧ ಜೊತೆಗಿದ್ದರೆ ಫೆನ್‌ಫ್ಲೂರಮೀನ್ ರಕ್ತದಲ್ಲಿ ಹೆಚ್ಚು ಉಳಿಯುವುದರಿಂದ ಮಿತಿಯನ್ನು 17 ಮಿಲಿಗ್ರಾಂಗೆ ಇಳಿಸಲಾಯಿತು.

ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ಎರಡು ವರ್ಷ ಮೇಲ್ಪಟ್ಟವರಿಗೆ ಅನುಮತಿ ನೀಡಿದಾಗ, ಚಿಕಿತ್ಸೆಗೆ ಮುನ್ನ, ನಂತರ ಆರು ತಿಂಗಳಿಗೊಮ್ಮೆ ಹಾಗೂ ಔಷಧ ನಿಲ್ಲಿಸಿದ ಮೇಲೂ ಹೃದಯದ ಎಕೋ ಪರೀಕ್ಷೆ ಕಡ್ಡಾಯವೆಂದು ವಿಧಿಸಲಾಯಿತು. ಹಳೆಯ ಅಪಾಯವನ್ನು ಮರೆಮಾಚದೆ, ಅದನ್ನೇ ಗುರಿಯಾಗಿಟ್ಟು ಪರೀಕ್ಷಿಸಿದ್ದರಿಂದ ಒಂದು ಔಷಧ ಮಕ್ಕಳಿಗೆ ಮರಳಿ ದೊರೆಯಿತು.

ವಯಸ್ಸಿನ ಮೆಟ್ಟಿಲು ಇಳಿಯುತ್ತ

ಶಿಶುಗಳ ಔಷಧ ಪರೀಕ್ಷೆ ಸಾಮಾನ್ಯವಾಗಿ ಮೆಟ್ಟಿಲು ಇಳಿದಂತೆ ನಡೆಯುತ್ತದೆ. ಮೊದಲು ವಯಸ್ಕರು, ಬಳಿಕ ದೊಡ್ಡ ಮಕ್ಕಳು, ಆನಂತರ ಪುಟ್ಟ ಮಕ್ಕಳು, ಕೊನೆಗೆ ಶಿಶುಗಳು. ಒಂದು ಹಂತದ ಸುರಕ್ಷತಾ ಮಾಹಿತಿ ತೃಪ್ತಿಕರವಾದರೆ ಮಾತ್ರ ಮುಂದಿನ ಹಂತ. ಸ್ಟಿರಿಪೆಂಟಾಲ್ ಇದೇ ದಾರಿಯಲ್ಲಿ ಸಾಗಿತು. ಫ್ರಾನ್ಸಿನಲ್ಲಿ 41 ಮಕ್ಕಳ ಮೇಲೆ ನಡೆದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 2018ರಲ್ಲಿ ಎರಡು ವರ್ಷ ಮೇಲ್ಪಟ್ಟವರಿಗೆ ಅನುಮತಿ ದೊರೆಯಿತು. ಆರು ತಿಂಗಳು ತುಂಬಿದ, ಕನಿಷ್ಠ ಏಳು ಕಿಲೋ ತೂಕದ ಶಿಶುಗಳಿಗೆ ಅದು ವಿಸ್ತರಣೆಯಾದದ್ದು 2022ರಲ್ಲಿ. ಕ್ಯಾನಬಿಡಿಯಾಲ್‌ಗೆ 2018ರಲ್ಲಿ ಎರಡು ವರ್ಷ ಇದ್ದ ಮಿತಿ 2020ರಲ್ಲಿ ಒಂದು ವರ್ಷಕ್ಕೆ ಇಳಿಯಿತು.

ದೊಡ್ಡವರಲ್ಲೂ ಮಕ್ಕಳಲ್ಲೂ ಒಂದೇ ತೆರನಾಗಿರುವ ಅಪಸ್ಮಾರವಾದರೆ, ಔಷಧ ಫಲಕಾರಿ ಎಂಬ ತೀರ್ಮಾನವನ್ನು ದೊಡ್ಡವರ ಪ್ರಯೋಗದಿಂದಲೇ ಎರವಲು ಪಡೆಯಲು ನಿಯಂತ್ರಣ ಸಂಸ್ಥೆಗಳು ಒಪ್ಪುತ್ತವೆ. ಆದರೆ ಸುರಕ್ಷತೆಯನ್ನು ಹಾಗೆ ಎರವಲು ತರುವಂತಿಲ್ಲ. ಡ್ರಾವೆ ಸಿಂಡ್ರೋಮ್ ಹುಟ್ಟುವುದೇ ಶೈಶವದಲ್ಲಾದ್ದರಿಂದ ಇಲ್ಲಿ ಎರಡನ್ನೂ ಮಕ್ಕಳಲ್ಲೇ ಸಾಬೀತುಪಡಿಸಬೇಕು.

ಪ್ರಾಯೋಗಿಕ ತೊಡಕುಗಳೂ ಕಡಿಮೆಯಲ್ಲ. ಏಳು ಕಿಲೋ ತೂಕದ ಮಗುವಿನ ದೇಹದಲ್ಲಿರುವ ರಕ್ತ ಸುಮಾರು 560 ಮಿಲಿಲೀಟರ್. ಐರೋಪ್ಯ ಮಾರ್ಗಸೂಚಿಯಂತೆ ಸಂಶೋಧನೆಗೆಂದು ಒಂದು ಸಲಕ್ಕೆ ಇದರ ಶೇ 1ಕ್ಕಿಂತ, ನಾಲ್ಕು ವಾರಗಳಲ್ಲಿ ಶೇ 3ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಅಂದರೆ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು! ಆದ್ದರಿಂದ ಪ್ರತಿ ಮಗುವಿನಿಂದ ಒಂದೆರಡು ಹನಿ ಮಾತ್ರ ಪಡೆದು, ಹಲವು ಮಕ್ಕಳ ಅಂಕಿಅಂಶಗಳನ್ನು ಗಣಿತದ ಮಾದರಿಯಲ್ಲಿ ಜೋಡಿಸಿ, ಔಷಧ ದೇಹದಲ್ಲಿ ಹೇಗೆ ಏರಿಳಿಯುತ್ತದೆಂದು ಲೆಕ್ಕಹಾಕಲಾಗುತ್ತದೆ.

ಚಿಕಿತ್ಸೆಯಿಲ್ಲದೆ ಮಗುವನ್ನು ಬಿಡುವುದು ಅನೈತಿಕವಾದ್ದರಿಂದ, ಈಗಾಗಲೇ ಪಡೆಯುತ್ತಿರುವ ಔಷಧವನ್ನು ಮುಂದುವರಿಸಿ ಅದರ ಮೇಲೆ ಹೊಸ ಔಷಧವನ್ನು ಸೇರಿಸಲಾಗುತ್ತದೆ. ತೂಕ, ಉದ್ದ, ತಲೆಯ ಸುತ್ತಳತೆ, ಯಕೃತ್ತಿನ ಕಿಣ್ವಗಳು, ಹೃದಯ, ನಿದ್ದೆ, ಹಸಿವು ಇವೆಲ್ಲವೂ ದಾಖಲಾಗುತ್ತವೆ. ತಲೆಸುತ್ತು, ಕಣ್ಣು ಮಂಜು ಎಂದು ಹೇಳಲಾರದ ಮಗುವಿನ ಪರವಾಗಿ ತಾಯಿ ಬರೆದಿಡುವ ದಿನಚರಿಯೇ ಇಲ್ಲಿ ಮುಖ್ಯ ಸಾಕ್ಷ್ಯ.

ಕಂಪನಿಗೂ ವೈದ್ಯರಿಗೂ ಸಂಬಂಧವಿಲ್ಲದ ಸ್ವತಂತ್ರ ತಜ್ಞರ ಸಮಿತಿಯೊಂದು ಮಾಹಿತಿಯನ್ನು ಆಗಾಗ ಪರಿಶೀಲಿಸುತ್ತಿರುತ್ತದೆ. ಅಪಾಯ ಕಂಡರೆ ಪ್ರಯೋಗ ನಿಲ್ಲುತ್ತದೆ. ಹೆರಿಗೆ ಕಾಲದ ಆಮ್ಲಜನಕ ಕೊರತೆಯಿಂದ ಸೆಳವಿಗೀಡಾದ ನವಜಾತ ಶಿಶುಗಳಿಗೆ ಬ್ಯುಮೆಟನೈಡ್ ನೀಡಿದ ಐರೋಪ್ಯ ಪ್ರಯೋಗವನ್ನು 14 ಶಿಶುಗಳಿಗೇ ನಿಲ್ಲಿಸಲಾಯಿತು. ಔಷಧ ನಿರೀಕ್ಷಿತ ಫಲ ನೀಡಲಿಲ್ಲ. ಬದುಕುಳಿದ 11 ಶಿಶುಗಳ ಪೈಕಿ ಮೂವರಲ್ಲಿ ಶ್ರವಣದೋಷ ಕಂಡಿತ್ತು. 2015ರಲ್ಲಿ ಪ್ರಕಟವಾದ ಈ ವರದಿಯಿಂದ ಇತರ ನವಜಾತ ಶಿಶುಗಳು ಅದೇ ಅಪಾಯಕ್ಕೆ ಈಡಾಗುವುದು ತಪ್ಪಿತು.

ಅಡ್ಡಪರಿಣಾಮವೋ, ಕಾಯಿಲೆಯೋ?

ಔಷಧ ಕೊಟ್ಟ ಬಳಿಕ ಮಗು ಮಂಕಾಯಿತು, ಊಟ ಬಿಟ್ಟಿತು ಎನ್ನೋಣ. ಇದು ಔಷಧದ ಪರಿಣಾಮವೇ, ಕಾಯಿಲೆಯ ಮುಂದುವರಿಕೆಯೇ ಅಥವಾ ಹಲ್ಲು ಬರುವ ತೊಂದರೆಯೇ? ಹೋಲಿಕೆಯ ಗುಂಪು ಇಲ್ಲದೆ ಹೇಳುವುದು ಕಷ್ಟ.

ಈ ಮಾತಿಗೆ ಲಸಿಕೆಯ ಪ್ರಸಂಗ ಕನ್ನಡಿ ಹಿಡಿಯುತ್ತದೆ. ನಾಯಿಕೆಮ್ಮಿನ ಲಸಿಕೆಯಿಂದ ಮಕ್ಕಳ ಮೆದುಳಿಗೆ ಹಾನಿಯಾಯಿತೆಂಬ ಆರೋಪ ದಶಕಗಳ ಕಾಲ ಕೇಳಿಬಂದಿತ್ತು. ಅಂಥ 14 ಮಂದಿಯನ್ನು ಆಸ್ಟ್ರೇಲಿಯಾದ ತಜ್ಞರು ಪರೀಕ್ಷಿಸಿದಾಗ 11 ಮಂದಿಯಲ್ಲಿ ಎಸ್‌ಸಿಎನ್1ಎ ದೋಷ ಪತ್ತೆಯಾಯಿತು. ಈ ವರದಿ 2006ರಲ್ಲಿ ಪ್ರಕಟಗೊಂಡಿತು. ಕಾಯಿಲೆಯ ಮೂಲ ವಂಶವಾಹಿಯಲ್ಲಿತ್ತು. ಲಸಿಕೆಯ ಜ್ವರ ಮೊದಲ ಸೆಳವಿಗೆ ನೆಪವಾಗಿರಬಹುದಷ್ಟೆ. ಹಿಂದೆ ಬಂದದ್ದೆಲ್ಲ ಕಾರಣವಲ್ಲ ಎಂಬ ಈ ಎಚ್ಚರ ಔಷಧದ ಮೇಲೆ ವೃಥಾ ಅಪವಾದ ಬರದಂತೆ ನೋಡಿಕೊಳ್ಳುತ್ತದೆ. ನಿಜವಾದ ಅಡ್ಡಪರಿಣಾಮವನ್ನು ಕಾಯಿಲೆಯ ತಲೆಗೆ ಕಟ್ಟದಂತೆಯೂ ತಡೆಯುತ್ತದೆ.

ಹೊಸ ಚಿಕಿತ್ಸೆ, ಹೊಸ ಪ್ರಶ್ನೆ

ಈಗ ಸಂಶೋಧನೆ ಕಾಯಿಲೆಯ ಬುಡಕ್ಕೇ ಕೈಹಾಕಿದೆ. ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಜೊರೆವುನರ್ಸೆನ್ ಎಂಬ ಔಷಧವು ಎಸ್‌ಸಿಎನ್1ಎ ವಂಶವಾಹಿಯ ಸರಿಯಾದ ಪ್ರತಿಯಿಂದಲೇ ಹೆಚ್ಚು ಪ್ರೋಟೀನ್ ಉತ್ಪಾದಿಸುವ ಉದ್ದೇಶದ್ದು. ವೈರಾಣುವಿನ ಮೂಲಕ ಮೆದುಳಿಗೆ ಒಮ್ಮೆ ಮಾತ್ರ ನೀಡುವ ವಂಶವಾಹಿ ಚಿಕಿತ್ಸೆಯ ಪ್ರಯೋಗಗಳು ಅತಿ ಚಿಕ್ಕ ಮಕ್ಕಳಲ್ಲೇ ಆರಂಭವಾಗಿವೆ.

ಮಾತ್ರೆಯಿಂದ ತೊಂದರೆಯಾದರೆ ನಿಲ್ಲಿಸಬಹುದು. ಒಮ್ಮೆ ನೀಡಿದ ವಂಶವಾಹಿಯನ್ನು ಹಿಂಪಡೆಯಲಾಗದು. ಕೆಸಿಎನ್‌ಟಿ1 ಎಂಬ ವಂಶವಾಹಿಯ ದೋಷದಿಂದ ತೀವ್ರ ಅಪಸ್ಮಾರಕ್ಕೆ ತುತ್ತಾಗಿದ್ದ ಇಬ್ಬರು ಮಕ್ಕಳಿಗೆ ಅಮೆರಿಕದಲ್ಲಿ ಅವರಿಗೆಂದೇ ತಯಾರಿಸಿದ ಔಷಧ ನೀಡಲಾಗಿತ್ತು. ಸೆಳವು ತಗ್ಗಿದರೂ ಇಬ್ಬರ ಮೆದುಳಿನಲ್ಲೂ ನೀರು ತುಂಬಿಕೊಂಡಿತು. ಒಬ್ಬ ಮಗು ಮೃತಪಟ್ಟಿತೆಂದು 2022ರಲ್ಲಿ ವರದಿಯಾಯಿತು. ಭರವಸೆ ದೊಡ್ಡದಾದಷ್ಟೂ ಎಚ್ಚರಿಕೆಯೂ ದೊಡ್ಡದಿರಬೇಕೆಂಬುದನ್ನು ಈ ಘಟನೆ ನೆನಪಿಸುತ್ತದೆ.

ಭಾರತದ ನಿಯಮ ಏನನ್ನುತ್ತದೆ?

ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳು 2019ರ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳಿಗೆ ಒಳಪಟ್ಟಿವೆ. ನೈತಿಕ ಸಮಿತಿಯ ಒಪ್ಪಿಗೆ, ಭಾರತೀಯ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ದಾಖಲಾತಿ, ಪೋಷಕರ ಲಿಖಿತ ಸಮ್ಮತಿ ಕಡ್ಡಾಯ. ಹೊಚ್ಚಹೊಸ ರಾಸಾಯನಿಕದ ಪ್ರಯೋಗದಲ್ಲಿ ಮಕ್ಕಳಂಥ ದುರ್ಬಲ ವರ್ಗದವರು ಪಾಲ್ಗೊಂಡರೆ ಸಮ್ಮತಿ ಪಡೆಯುವ ಪ್ರಕ್ರಿಯೆಯನ್ನು ಧ್ವನಿ ಮತ್ತು ದೃಶ್ಯ ಸಹಿತ ಚಿತ್ರೀಕರಿಸಬೇಕು. ಗಂಭೀರ ಅಡ್ಡಪರಿಣಾಮ ಸಂಭವಿಸಿದರೆ 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಹಾಗೂ ಪರಿಹಾರಕ್ಕೆ ಅವಕಾಶವಿದೆ.

ಸಮ್ಮತಿಪತ್ರ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪ್ರಯೋಗಕ್ಕೆ ಸೇರಲು ನಿರಾಕರಿಸಿದರೂ, ನಡುವೆ ಹೊರಬಂದರೂ ಮಗುವಿನ ಎಂದಿನ ಚಿಕಿತ್ಸೆಗೆ ಧಕ್ಕೆಯಾಗಬಾರದು. ಮಗುವಿಗೆ ಹುಸಿ ಔಷಧ ಸಿಗುವ ಸಾಧ್ಯತೆ ಇದೆಯೇ, ಎಷ್ಟು ಬಾರಿ ರಕ್ತ ತೆಗೆಯುತ್ತಾರೆ, ಪ್ರಯೋಗ ಮುಗಿದ ಮೇಲೆ ಔಷಧ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಸಹಿ ಹಾಕುವ ಮುನ್ನವೇ ಕೇಳಿ ತಿಳಿದುಕೊಳ್ಳುವುದು ಪೋಷಕರ ಹಕ್ಕು.

ಪೋಷಕರು ಗಮನಿಸಬೇಕಾದದ್ದು

ಪ್ರಯೋಗದಲ್ಲಿಲ್ಲದ ಮಕ್ಕಳ ಸುರಕ್ಷತೆಯೂ ಅಷ್ಟೇ ಮುಖ್ಯ. ವೈದ್ಯರ ಸಲಹೆಯಿಲ್ಲದೆ ಅಪಸ್ಮಾರದ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಉಲ್ಬಣಿಸಬಹುದು. ಔಷಧವನ್ನು ಅಡುಗೆಮನೆಯ ಚಮಚದಲ್ಲಿ ಅಳೆಯದೆ ಅಳತೆಯ ಸಿರಿಂಜಿನಲ್ಲೇ ಕೊಡಬೇಕು. ಮಗುವಿನ ತೂಕ ಏರಿದಂತೆ ಪ್ರಮಾಣ ಬದಲಾಗಬೇಕೇ ಎಂದು ಪ್ರತಿ ಭೇಟಿಯಲ್ಲೂ ವಿಚಾರಿಸಬೇಕು. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಮಗು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ ತೋರಿಸಬೇಕು.

ಸೆಳವು ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಸಮಯ ವ್ಯರ್ಥವಷ್ಟೆ. ಸೆಳವು ಐದು ನಿಮಿಷ ಮೀರಿದರೆ ವೈದ್ಯರು ಮೊದಲೇ ಸೂಚಿಸಿರುವ ತುರ್ತು ಔಷಧ ನೀಡಿ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಯಾವುದೇ ಔಷಧದಿಂದ ಅಡ್ಡಪರಿಣಾಮವಾಗಿದೆ ಎಂಬ ಶಂಕೆ ಬಂದರೆ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ಸಹಾಯವಾಣಿ 1800-180-3024ಕ್ಕೆ ಪೋಷಕರೇ ನೇರವಾಗಿ ತಿಳಿಸಬಹುದು. ಔಷಧ ಮಾರುಕಟ್ಟೆಗೆ ಬಂದ ಮಾತ್ರಕ್ಕೆ ಅದರ ಸುರಕ್ಷತೆಯ ಪರೀಕ್ಷೆ ಮುಗಿಯುವುದಿಲ್ಲ. ನೂರಿನ್ನೂರು ಮಕ್ಕಳ ಪ್ರಯೋಗದಲ್ಲಿ ಕಾಣದ ತೊಂದರೆ ಸಾವಿರಾರು ಮಕ್ಕಳು ಬಳಸಿದಾಗ ಕಾಣಬಹುದು. ಒಂದು ಮನೆಯ ತಾಯಿ ಗಮನಿಸಿ ವರದಿ ಮಾಡಿದ ಸಂಗತಿ ಮುಂದೆ ಎಷ್ಟೋ ಮನೆಗಳ ಕೂಸುಗಳಿಗೆ ರಕ್ಷೆಯಾದೀತು.